ಆಚೆಮನೆಯ ಪ್ಯಾಕೇಜುಗಳು

ಫೆಬ್ರವರಿ ೧೧

ಪ್ರೀತಿಯ ಚಿಕ್ಕಪ್ಪ,

ನಾನೀಗ ನಾಲ್ಕನೇ ಮಹಡಿಯ ಗೃಹಿಣಿ. ಇದನ್ನು ಟೈಪ್ ಮಾಡುವಾಗಲೇ ನಗು ಬರುತ್ತಿದೆ. ನನ್ನ ಗಂಡನ ಕೆಲಸ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವುದು, ನಮ್ಮ ಕಟ್ಟಡಕ್ಕೆ ಮಾತ್ರ ಲಿಫ್ಟೇ ಇಲ್ಲ. ಮೊದಲ ದಿನ ಸಾಮಾನು ಹೊತ್ತು ಮೂರನೇ ಮಹಡಿ ತಲುಪುವ ಹೊತ್ತಿಗೆ ಇವರು ಮೆಟ್ಟಿಲ ಮೇಲೆ ಕೂತು, "ನೋಡು, ನನ್ನ ಕೆಲಸಕ್ಕೆ ಯಾವತ್ತೂ ಸಾವಿಲ್ಲ ಅಂತ ಈಗ ಗೊತ್ತಾಯ್ತಾ" ಎಂದರು. ನಾನು ನಕ್ಕು ನಕ್ಕು ದಿಂಬಿನ ಮೂಟೆ ಕೈಬಿಟ್ಟೆ. ಅದು ತಾನೇ ತಾನಾಗಿ ಒಂದನೇ ಮಹಡಿಯವರೆಗೆ ಇಳಿದುಹೋಯಿತು. ಅಲ್ಲಿನ ಅಜ್ಜಿ ಅದನ್ನು ತಂದುಕೊಟ್ಟು, "ಹೊಸದಾಗಿ ಮದುವೆ ಆಗಿದ್ದೀರಾ" ಎಂದು ಕೇಳಿದರು. ನಮ್ಮ ಮುಖದ ಮೇಲೆ ಬರೆದಿತ್ತೋ, ದಿಂಬಿನ ಮೇಲೆ ಬರೆದಿತ್ತೋ ಗೊತ್ತಾಗಲಿಲ್ಲ.

ಚಿಕ್ಕಮ್ಮನಿಗೆ ಹೇಳಿ: ಅವರು ಇವರ ಮುಖದ ಮೇಲೆ ಬೆರಳಾಡಿಸಿ "ಮೂಗು ಪ್ರಾಮಾಣಿಕವಾಗಿದೆ, ಕಿವಿ ಮಾತ್ರ ಸ್ವಲ್ಪ ಮೊಂಡು" ಎಂದದ್ದು ಇಲ್ಲಿ ಮನೆಮಾತಾಗಿದೆ. ಮಗ ಹೇಳಿದ್ದನ್ನು ಕೇಳದಿದ್ದಾಗಲೆಲ್ಲ ನಮ್ಮ ಅತ್ತೆ, "ಕಣ್ಣು ಕಾಣದ ಬೀಗಿತ್ತಿ ಒಂದು ಸಲ ಮುಟ್ಟಿ ಕಂಡುಹಿಡಿದ್ರು, ಹೆತ್ತವಳಿಗೆ ಇಷ್ಟು ವರ್ಷ ಬೇಕಾಯ್ತು" ಎನ್ನುತ್ತಾರೆ.

ಇನ್ನು ದೊಡ್ಡ ಸುದ್ದಿ. ನಾವೆಲ್ಲ ಸೇರಿ ಕಟ್ಟಿ ಹಂಚುವ ಲಿನಕ್ಸ್ ಡಿಸ್ಟ್ರಿಬ್ಯೂಷನ್ನಿನ ಪ್ಯಾಕೇಜು ಸಮಿತಿಗೆ ನನ್ನನ್ನು ತೆಗೆದುಕೊಂಡಿದ್ದಾರೆ. ನಾನು ಶಾಲೆಯಲ್ಲಿದ್ದಾಗ ನೀವು ನಿಮ್ಮ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟು, "ಇದನ್ನ ಎಲ್ಲೆಲ್ಲಿಯೋ ಇರೋ ಜನ ಬಿಡುವಿನಲ್ಲಿ ಕಟ್ತಾರೆ, ಯಾರಿಗೂ ಸಂಬಳ ಇಲ್ಲ, ಅದಕ್ಕೇ ಜಗಳ ಜಾಸ್ತಿ" ಎಂದಿದ್ದಿರಿ. ಈಗ ಆ ಕಟ್ಟಡದೊಳಗೆ ಯಾವ ಪ್ರೋಗ್ರಾಂ ಇರಬೇಕು, ಯಾವುದು ಹೊರಗೆ ಹೋಗಬೇಕು ಎಂದು ಹೇಳುವವರಲ್ಲಿ ನಾನೂ ಒಬ್ಬಳು. ನೀವು ಶಿಫಾರಸು ಮಾಡಿದ್ದಿರೆಂದು ಗೊತ್ತಾಯಿತು. ನನ್ನ ಸಂತೋಷಕ್ಕೆ ಈಗ ಮನೆಯಲ್ಲಿ ಜಾಗ ಸಾಲದು, ಅರ್ಧ ಬಾಲ್ಕನಿಯಲ್ಲಿಟ್ಟಿದ್ದೇನೆ.

ಹೊಸ ಸೊಸೆ ಬಂದ ಕೂಡಲೇ ಪೊರಕೆ ಹಿಡಿಯಬೇಕಲ್ಲ. ಸಮಿತಿಯಲ್ಲೂ ಏನಾದರೂ ಗುಡಿಸಿ ಒಳ್ಳೆಯ ಹೆಸರು ತೆಗೆದುಕೊಳ್ಳಬೇಕೆಂದಿದ್ದೇನೆ. ನನ್ನ ಕಾನ್ವೆಂಟ್ ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ಫೋನ್ ಮಾಡೋಣವೆಂದರೆ ನೀವು ಎತ್ತುವುದಿಲ್ಲ.

ನಿಮ್ಮ
ಗಿರಗಿಟ್ಲೆ


ಫೆಬ್ರವರಿ ೧೯

ಗಿರಗಿಟ್ಲೆಗೆ ಆಶೀರ್ವಾದ.

ನಿನ್ನ ಪತ್ರವನ್ನು ಚಿಕ್ಕಮ್ಮ ಎರಡು ಸಲ ಓದಿಸಿದಳು. ಕಿವಿಯ ವಿಷಯದಲ್ಲಿ ತಾನು ಹೇಳಿದ್ದು ಕಡಿಮೆಯೇ ಆಯಿತಂತೆ, ಮದುವೆಮನೆಯೆಂದು ಬಿಟ್ಟುಕೊಟ್ಟಳಂತೆ.

ನನ್ನ ಕಾಲೇಜಿನ ಲ್ಯಾಬಿನಲ್ಲಿ ಎಲ್ಲ ಮಾಮೂಲು. ಮಕ್ಕಳು ಲೋಲಕ ತೂಗುತ್ತಾರೆ, ನಾನು ಮುರಿದದ್ದನ್ನು ಜೋಡಿಸುತ್ತೇನೆ. ಗದ್ದಲವಿರುವುದು ಚಿಕ್ಕಮ್ಮನ ಬ್ರೈಲ್ ಮುದ್ರಣಾಲಯದಲ್ಲಿ. ಶಾಲೆಯ ಗಣಿತದ ಪುಸ್ತಕ ಬದಲಾಗಿದೆ. ಹೊಸ ಚಿಹ್ನೆಗಳು ಬಂದಿವೆ. ಅಕ್ಷರವನ್ನು ಚುಕ್ಕೆಗಳಾಗಿ ಮಾಡುವ ನನ್ನ ಪ್ರೋಗ್ರಾಂಗೆ ಅವು ಗೊತ್ತಿಲ್ಲ, ಕಲಿಸಬೇಕು. ನಿನಗೆ ತಿಳಿದೇ ಇದೆ, ಅಲ್ಲಿನ ಚುಕ್ಕೆ ಒತ್ತುವ ಯಂತ್ರ ವಿಂಡೋಸ್ ಕಂಪ್ಯೂಟರಿನ ಮಾತು ಮಾತ್ರ ಕೇಳುತ್ತದೆ, ಅದನ್ನು ತಯಾರಿಸಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಹಾಗಾಗಿ ನಾನು ಮನೆಯಲ್ಲಿ ಲಿನಕ್ಸಿನಲ್ಲಿ ಕೂತು, ವಿಂಡೋಸಿನಲ್ಲಿ ಓಡುವ ಹಾಗೆ ಕಟ್ಟಿ ಕಳಿಸುವುದು. ಈಚೆ ಒಲೆಯ ಮೇಲೆ ಆಚೆಮನೆಯ ಅಡುಗೆ.

ಮೊನ್ನೆ ಮ್ಯಾನೇಜರು ಚಿಕ್ಕಮ್ಮನ ಮೇಜಿನ ಹತ್ತಿರ ಬಂದು, "ಅಮ್ಮಾ, ನಿಮ್ಮ ಯಜಮಾನ್ರದ್ದು ಶಾಲೆ ಶುರುವಾಗೋದ್ರೊಳಗೆ ಆಗುತ್ತಾ? ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ. ಹೊರಗಡೆ ಒಂದು ಕಂಪನಿ ಇದೆ. ಪ್ರೋಗ್ರಾಮೂ ಅವರದೇ, ಕರಡು ನೋಡೋದೂ ಅವರದೇ" ಎಂದರಂತೆ. ಕರಡು ನೋಡುವುದೂ ಅವರದೇ ಆದರೆ ಬೆರಳಿನಲ್ಲಿ ಕರಡು ಓದುವ ನಿನ್ನ ಚಿಕ್ಕಮ್ಮನಿಗೆ ಅಲ್ಲಿ ಕುರ್ಚಿ ಇರುವುದಿಲ್ಲ. ಅವಳು "ಆಗುತ್ತೆ" ಎಂದು ಹೇಳಿ ಪುಟ ತಿರುಗಿಸಿದಳಂತೆ. ಮನೆಗೆ ಬಂದು ನನಗೆ, "ಆಗುತ್ತೆ ಅಂದುಬಿಟ್ಟಿದ್ದೀನಿ, ಇನ್ನು ನಿಮ್ಮ ಹಣೆಬರಹ" ಎಂದಳು.

ಸಮಿತಿಯ ಸುದ್ದಿಯಿಂದ ಹೆಮ್ಮೆಯಾಯಿತು. ಗುಡಿಸು. ಗುಡಿಸುವ ಮುಂಚೆ ಒಂದು ಸಲ ಬಗ್ಗಿ ನೋಡು.

ಚಿಕ್ಕಪ್ಪ


ಮಾರ್ಚ್ ೨

ಪ್ರೀತಿಯ ಚಿಕ್ಕಪ್ಪ,

ಗುಡಿಸಿಬಿಟ್ಟೆ. ಪೂರ್ತಿ ಕೋಣೆಯನ್ನೇ ಗುಡಿಸಿದೆ.

ನಮ್ಮ ಡಿಸ್ಟ್ರಿಬ್ಯೂಷನ್ನಿನಲ್ಲಿ ವಿಂಡೋಸಿಗಾಗಿ ಕ್ರಾಸ್ ಕಂಪೈಲ್ ಮಾಡಿದ, ಎಂದರೆ ಇಲ್ಲಿ ಕೂತು ಅಲ್ಲಿಗೆಂದು ಕಟ್ಟಿದ, ಲೈಬ್ರರಿಗಳದೊಂದು ದೊಡ್ಡ ಸಂಸಾರವಿದೆ ನೋಡಿ, ಬೇರೆ ಪ್ರೋಗ್ರಾಂ ಕಟ್ಟಲು ಬೇಕಾಗುವ ಇಟ್ಟಿಗೆಗಳು, ಅದನ್ನು ತೆಗೆದುಹಾಕಬೇಕೆಂದು ಪ್ರಸ್ತಾವ ಹಾಕಿದ್ದೇನೆ. ನಿಮ್ಮ ಪತ್ರ ಓದುವಾಗಲೇ ಹೊಳೆದದ್ದು. ನೀವು ಪಾಪ ಆಚೆಮನೆಯ ಅಡುಗೆ ಮಾಡಿ ಮಾಡಿ ಸುಸ್ತಾಗಿದ್ದೀರಿ ಎಂದುಕೊಂಡೆ. ಆ ಉಪಮೆಯನ್ನು ನಾಚಿಕೆಯಿಲ್ಲದೆ ಕದ್ದಿದ್ದೇನೆ. ಈಗ ನಮ್ಮ ಇಮೇಲ್ ಗುಂಪಿನವರೆಲ್ಲ ಅವನ್ನು ಆಚೆಮನೆಯ ಪ್ಯಾಕೇಜು ಎಂದೇ ಕರೆಯುತ್ತಿದ್ದಾರೆ.

ಪ್ರಸ್ತಾವದಲ್ಲಿ ಹೀಗೆ ಬರೆದೆ: ನಾವು ಕಟ್ಟುವುದು ಲಿನಕ್ಸ್. ಅದರಲ್ಲಿ ಓಡದ ವಸ್ತುವನ್ನು ನಾವೇಕೆ ಹೊತ್ತು ತಿರುಗಬೇಕು? ಒಂದು ಲೈಬ್ರರಿಯಲ್ಲಿ ತೂತು ಕಂಡರೆ ನಮ್ಮದಕ್ಕೆ ಒಂದು ತೇಪೆ, ಆಚೆಮನೆಯದಕ್ಕೆ ಇನ್ನೊಂದು. ಕಟ್ಟುವ ಯಂತ್ರಗಳಿಗೆ ದುಪ್ಪಟ್ಟು ದುಡಿಮೆ. ಕಟ್ಟಿದ ಮೇಲೆ ಸರಿಯಾಗಿದೆಯೇ ಎಂದು ನೋಡಲು ನಮ್ಮಲ್ಲಿ ಯಾರ ಬಳಿಯೂ ವಿಂಡೋಸ್ ಇಲ್ಲ. ರುಚಿ ನೋಡದ ಅಡುಗೆಯನ್ನು ಬಡಿಸುವವರು ಅಡುಗೆಯವರಲ್ಲ. ಈ ಕೊನೆಯ ವಾಕ್ಯವನ್ನು ಇವರು ಬರೆದುಕೊಟ್ಟರು. ಅಡುಗೆಮನೆಯಲ್ಲಿ ನಾನು ಸಾರಿಗೆ ಉಪ್ಪು ಮರೆತ ಹೊತ್ತಿನಲ್ಲಿ ಹುಟ್ಟಿದ ವಾಕ್ಯ ಅದು.

ಎಣಿಕೆಯೂ ನನ್ನ ಪರವಾಗಿದೆ. ಯಾರ ಯಂತ್ರದಲ್ಲಿ ಯಾವ ಪ್ಯಾಕೇಜು ಕೂತಿದೆ ಎಂದು ನಮ್ಮ ಲಿನಕ್ಸ್ ತಾನೇ ಲೆಕ್ಕ ಕಳಿಸುತ್ತದಲ್ಲ, ಅದರಲ್ಲಿ ಇವುಗಳ ಅಂಕಿ ಕೈಬೆರಳಿಗಿಂತ ಜಾಸ್ತಿ ಇಲ್ಲ. ಇವರು ಅದನ್ನು ನೋಡಿ, "ನಮ್ಮಲ್ಲೂ ಹಿಂಗೇ, ಯಾರೂ ಇಳಿಯದ ಮಹಡಿಗೆ ಬಟನ್ ಯಾಕೆ ಅಂತ ಕೇಳ್ತಾರೆ" ಎಂದರು.

ನಿಯಮ ನಿಮಗೆ ಗೊತ್ತಲ್ಲ: ಪ್ರಸ್ತಾವ ಹಾಕಿ ಎರಡು ವಾರ ಯಾರೂ ಬೇಡ ಎನ್ನದಿದ್ದರೆ ಒಪ್ಪಿಗೆಯಾದಂತೆ. ಮೌನಂ ಸಮ್ಮತಿಲಕ್ಷಣಂ. ನಮ್ಮ ಶಾಲೆಯಲ್ಲಿ ಕಲಿಸಿದ ಒಂದೇ ಸಂಸ್ಕೃತ ವಾಕ್ಯ ಕೊನೆಗೂ ಕೆಲಸಕ್ಕೆ ಬಂತು. ಮೊದಲ ಪ್ರಸ್ತಾವ, ಚಿಕ್ಕಪ್ಪ. ಬೇರೆ ಯಾರು ಬೇಡವೆಂದರೂ ವಾದ ಮಾಡುತ್ತೇನೆ. ನೀವು ಬೇಡವೆಂದರೆ ಮಾತ್ರ ನೇರವಾಗಿ ಅಳುವುದೇ.

ಚಿಕ್ಕಮ್ಮನ ಗಣಿತದ ಪುಸ್ತಕಕ್ಕೆ ಶುಭಾಶಯ ತಿಳಿಸಿ.

ಗಿರಗಿಟ್ಲೆ


ಮಾರ್ಚ್ ೧೦

ಗಿರಗಿಟ್ಲೆಗೆ,

ನಿನ್ನ ಪ್ರಸ್ತಾವ ಓದಿದೆ. ಬಿಗಿಯಾಗಿ ಬರೆದಿದ್ದೀಯ. ಗುಂಪಿನಲ್ಲಿ ಕತ್ತರಿಯೆಂದೇ ಹೆಸರಾದ ಆ ಮನುಷ್ಯ, ಯಾರ ಬರಹದಲ್ಲೂ ಒಂದು ತಪ್ಪು ಹುಡುಕದೆ ಊಟ ಮಾಡದವನು, ನಿನ್ನದನ್ನು ಹೊಗಳಿದ್ದು ಕಂಡು ಸಂತೋಷಪಟ್ಟೆ.

ಒಂದು ಸಣ್ಣ ಪ್ರಶ್ನೆ. ಆ ಎಣಿಕೆ ಯಾರನ್ನು ಎಣಿಸುತ್ತದೆ?

ಇಲ್ಲಿ ಬಿಸಿಲು ಶುರುವಾಗಿದೆ. ಲ್ಯಾಬಿನ ಫ್ಯಾನು ಲೋಲಕಕ್ಕಿಂತ ನಿಧಾನವಾಗಿ ತಿರುಗುತ್ತದೆ. ಚಿಕ್ಕಮ್ಮ ಪಕ್ಕದಲ್ಲೇ ಕೂತು, ಏನು ಬರೆಯುತ್ತಿದ್ದೀರಿ ಎಂದು ಕೇಳುತ್ತಿದ್ದಾಳೆ. ಹವಾಮಾನ ಎಂದೆ. "ಹವಾಮಾನಕ್ಕೆ ಇಷ್ಟು ಹೊತ್ತು ಬೇಕಾ" ಎನ್ನುತ್ತಿದ್ದಾಳೆ.

ಲಿಫ್ಟಿನವರನ್ನು ಕೇಳಿದೆನೆಂದು ಹೇಳು.

ಚಿಕ್ಕಪ್ಪ


ಮಾರ್ಚ್ ೧೮

ಪ್ರೀತಿಯ ಚಿಕ್ಕಪ್ಪ,

ಪಾಸಾಯಿತು. ಒಬ್ಬರೂ ಬೇಡ ಎನ್ನಲಿಲ್ಲ. ಕತ್ತರಿ ಕೂಡ ಎನ್ನಲಿಲ್ಲ, ನೀವೂ ಎನ್ನಲಿಲ್ಲ. ನಿಮ್ಮ ಮೌನವನ್ನು ಆಶೀರ್ವಾದವೆಂದು ತಲೆಯ ಮೇಲಿಟ್ಟುಕೊಂಡಿದ್ದೇನೆ. ಹೊಸ ಆವೃತ್ತಿಯಲ್ಲಿ ಆಚೆಮನೆ ಖಾಲಿ.

ನಿಮ್ಮ ಪ್ರಶ್ನೆಗೆ ಉತ್ತರ: ನಮ್ಮ ಲಿನಕ್ಸ್ ಹಾಕಿಕೊಂಡು, ಎಣಿಸಲು ಒಪ್ಪಿಗೆ ಕೊಟ್ಟವರ ಯಂತ್ರಗಳನ್ನು ಎಣಿಸುತ್ತದೆ. ಕಳ್ಳಲೆಕ್ಕವಿಲ್ಲ, ಚಿಂತೆ ಬೇಡ.

ಇವರು ಸಂಭ್ರಮಕ್ಕೆಂದು ಕೆಲಸ ಮುಗಿಸಿ ಬರುವಾಗ ಒಂದು ಹಳೆಯ ಲಿಫ್ಟಿನ ಹಿತ್ತಾಳೆ ಬಟನ್ ತಂದುಕೊಟ್ಟರು. ಬಾಗಿಲಿನ ಪಕ್ಕ ಗೋಡೆಗೆ ಹಚ್ಚಿದ್ದೇವೆ. ಒತ್ತಿದರೆ ಏನೂ ಆಗುವುದಿಲ್ಲ. ಮನೆಗೆ ಬಂದವರೆಲ್ಲ ಒಂದು ಸಲ ಒತ್ತಿಯೇ ಒಳಗೆ ಬರುತ್ತಾರೆ. ನಮ್ಮ ಅತ್ತೆಯಂತೂ ಒತ್ತಿ, ಕಾದು, "ಇದೂ ನಿನ್ನ ಹಾಗೇ ಕಣೋ" ಎಂದು ಮಗನಿಗೆ ಹೇಳಿ ಒಳಗೆ ಬಂದರು.

ಸುಖವೆಂದರೆ ಹೀಗೆಂದು ಯಾರೂ ಮೊದಲೇ ಹೇಳಿರಲಿಲ್ಲ. ಚಿಕ್ಕಮ್ಮನನ್ನು ಅಪ್ಪಿಕೊಂಡೆನೆಂದು ಹೇಳಿ.

ಗಿರಗಿಟ್ಲೆ


ಏಪ್ರಿಲ್ ೨೬

ಚಿಕ್ಕಪ್ಪ,

ಒಂದೂವರೆ ತಿಂಗಳಿನಿಂದ ಕಾಗದವಿಲ್ಲ. ಮಧ್ಯೆ ನಾನು ಕಳಿಸಿದ ಎರಡು ಫೋಟೋಗಳಿಗೂ ಉತ್ತರವಿಲ್ಲ. ಬಾಲ್ಕನಿಯ ಗಿಡದ ಫೋಟೋಗೆ ಉತ್ತರವಿಲ್ಲದಿದ್ದರೆ ಇರಲಿ, ನನ್ನ ಹೊಸ ಕನ್ನಡಕಕ್ಕಾದರೂ ಏನಾದರೂ ಹೇಳಬಹುದಿತ್ತು.

ನಮ್ಮ ಮೊದಲ ಜಗಳವೂ ಆಯಿತು, ಹೇಳಿಕೊಳ್ಳಲು ನೀವಿರಲಿಲ್ಲ. ಇವರ ಮನಸ್ಸಿನಲ್ಲಿ ಏನೋ ಇತ್ತು. ಕೇಳಿದರೆ "ಏನಿಲ್ಲ" ಎಂದರು. ಏನಿಲ್ಲವಂತೆ ಎಂದು ನಾನು ಹಾಡು ಹೇಳಿಕೊಂಡು ಓಡಾಡಿದೆ. ಎರಡು ದಿನವಾದ ಮೇಲೆ, "ಏನಿಲ್ಲ ಅಂದ್ರೆ ನೀನು ಏನೂ ಇಲ್ಲ ಅಂತ ತಿಳ್ಕೋತೀಯಾ" ಎಂದು ಕೇಳಿದರು. ಮತ್ತೇನು ತಿಳಿಯಬೇಕಿತ್ತು? ನನ್ನನ್ನು ಬೆಳೆಸಿದ್ದು ಇಂಗ್ಲಿಷ್ ವ್ಯಾಕರಣ. ಅಲ್ಲಿ ನಥಿಂಗ್ ಎಂದರೆ ನಥಿಂಗೇ. ಈಗ ರಾಜಿಯಾಗಿದೆ.

ಹೊಸ ಆವೃತ್ತಿ ಹೊರಗೆ ಬಂತು. ನೀವು ಯಾವಾಗಲೂ ಮೊದಲ ದಿನವೇ ಹಾಕಿಕೊಳ್ಳುವವರು. ಹೇಗಿದೆ? ಚಿಕ್ಕಮ್ಮನ ಪುಸ್ತಕ ಮುಗಿಯಿತಾ?

ದಯವಿಟ್ಟು ಬರೆಯಿರಿ.

ಗಿರಗಿಟ್ಲೆ


ಮೇ ೭

ಗಿರಗಿಟ್ಲೆಗೆ,

ಕನ್ನಡಕ ಚೆನ್ನಾಗಿದೆ. ಬರೆಯದೆ ಇದ್ದದ್ದಕ್ಕೆ ಬೇಸರಿಸಬೇಡ, ಕೈ ತುಂಬ ಕೆಲಸವಿತ್ತು.

ಹೊಸ ಆವೃತ್ತಿ ಹಾಕಿಕೊಂಡೆ. ಅಭ್ಯಾಸಬಲ. ಹಾಕುವಾಗ ಅದು, ಈ ಪ್ಯಾಕೇಜುಗಳಿಗೆ ಇನ್ನು ನೆಲೆಯಿಲ್ಲ, ತೆಗೆಯಲೇ ಎಂದು ಕೇಳಿತು. ಯಾವಾಗಲೂ ಹೂಂ ಎನ್ನುವವನು, ಆಗಲೂ ಹೂಂ ಎಂದೆ. ಆಮೇಲೆ ನನ್ನ ಪ್ರೋಗ್ರಾಮನ್ನು ಮುದ್ರಣಾಲಯಕ್ಕೆಂದು ಕಟ್ಟಲು ಹೋದರೆ ಕಟ್ಟಲು ಇಟ್ಟಿಗೆಯೇ ಇಲ್ಲ. ಹಳೆಯ ಸಂಗ್ರಹದಿಂದ ತಂದು ಕೂರಿಸಿದೆ. ಪ್ರೋಗ್ರಾಂ ಕಟ್ಟುವ ಹೊಸ ಕಂಪೈಲರಿನ ಜೊತೆ ಅವು ಸಂಸಾರ ಮಾಡಲಿಲ್ಲ. ಹಾಗಾಗಿ ಒಂದೊಂದಾಗಿ ನಾನೇ ಕಟ್ಟುತ್ತಿದ್ದೇನೆ. ಒಬ್ಬನನ್ನು ಊಟಕ್ಕೆ ಕರೆದರೆ ಅವನು ತನ್ನ ಭಾವನನ್ನು, ಭಾವ ತನ್ನ ಷಡ್ಡಕನನ್ನು ಕರೆತಂದ ಹಾಗೆ. ಒಂದು ಲೈಬ್ರರಿ ಇನ್ನೊಂದನ್ನು ಕೇಳುತ್ತದೆ, ಅದು ಮತ್ತೊಂದನ್ನು.

ಕಳೆದ ವಾರ ಒಂದು ಹಂತಕ್ಕೆ ಬಂತೆಂದು ಮುದ್ರಣಾಲಯಕ್ಕೆ ಒಯ್ದೆ. ಯಂತ್ರ ಓಡಿತು. ಮೊದಲ ಹಾಳೆ ಚಿಕ್ಕಮ್ಮನ ಕೈಗೆ ಬಂತು. ಬೆರಳಿಟ್ಟವಳು ಎರಡನೇ ಸಾಲಿನಲ್ಲಿ ನಿಂತಳು. "ಇದು ಯಾವ ಭಾಷೆ ರೀ" ಎಂದಳು. ಹಿಂದೆ ನಿಂತಿದ್ದ ಮ್ಯಾನೇಜರು ಗಡಿಯಾರ ನೋಡಿಕೊಂಡರು.

ನೀನು ತೆಗೆದ ಆ ಪ್ಯಾಕೇಜುಗಳನ್ನು ಕಟ್ಟುವ ವಿಧಾನದ ಕಡತಗಳು ಎಲ್ಲಾದರೂ ಉಳಿದಿವೆಯೇ? ಇದ್ದರೆ ಬಿಡುವಾದಾಗ ಕಳಿಸು. ಅವಸರವಿಲ್ಲ.

ಚಿಕ್ಕಪ್ಪ


ಮೇ ೯

ಚಿಕ್ಕಪ್ಪ,

ಕಡತಗಳೆಲ್ಲ ಇದರ ಜೊತೆಗಿವೆ. ಅವಸರವಿಲ್ಲ ಎಂದು ಏಕೆ ಬರೆದಿರಿ? ಶಾಲೆ ಶುರುವಾಗಲು ತಿಂಗಳೂ ಇಲ್ಲ.

ನಿಮ್ಮ ಫೆಬ್ರವರಿಯ ಪತ್ರವನ್ನು ಮತ್ತೆ ತೆಗೆದು ಓದಿದೆ. ಎಲ್ಲ ಇದೆ ಅದರಲ್ಲಿ. ಆಚೆಮನೆಯ ಅಡುಗೆಯಿಂದಲೇ ಚಿಕ್ಕಮ್ಮನ ಕುರ್ಚಿ ನಿಂತಿದೆ ಎಂದು ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದೀರಿ. ನಾನು ಅದರೊಳಗಿಂದ ಒಂದು ತಮಾಷೆಯ ಮಾತನ್ನು ಆರಿಸಿಕೊಂಡು, ಅದರಿಂದಲೇ ನಿಮ್ಮ ಕಾಲ ಕೆಳಗಿನ ನೆಲ ಎಳೆದೆ. ಎಣಿಕೆ ಯಾರನ್ನು ಎಣಿಸುತ್ತದೆ ಎಂದು ನೀವು ಕೇಳಿದ್ದೂ ಈಗ ಅರ್ಥವಾಯಿತು. ಅದು ಕಟ್ಟುವ ನಿಮ್ಮೊಬ್ಬರನ್ನು ಎಣಿಸುತ್ತದೆ. ಆ ಪುಸ್ತಕ ಓದುವ ಮಕ್ಕಳಲ್ಲಿ ಯಾರ ಹತ್ತಿರವೂ ನಮ್ಮ ಲಿನಕ್ಸ್ ಇಲ್ಲ. ಆಚೆಮನೆಗೆಂದೇ ಮಾಡಿದ್ದನ್ನು ಯಾರು ಉಣ್ಣುತ್ತಾರೆಂದು ನಾನು ಈಚೆಮನೆಯಲ್ಲಿ ತಲೆ ಎಣಿಸಿದೆ. ಸಮಿತಿಯಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ.

ನಿಮಗೆ ಹೊಳೆದಿತ್ತು. ಒಂದು ಸಾಲು ಸಾಕಿತ್ತಲ್ಲ, ಚಿಕ್ಕಪ್ಪ. "ಇದನ್ನು ನಾನು ಬಳಸುತ್ತೇನೆ." ಮೂರು ಪದ. ಅಳುತ್ತೇನೆ ಎಂದು ನಾನು ಬರೆದದ್ದನ್ನು ನೀವು ನಿಜವೆಂದುಕೊಂಡಿರಾ? ನನಗೆ ನನ್ನ ಮೇಲೆ ಬಂದಷ್ಟೇ ಕೋಪ ನಿಮ್ಮ ಮೇಲೂ ಬಂದಿದೆ. ಹೀಗೆ ಬರೆಯಬಾರದು, ಗೊತ್ತು.

ಅವನ್ನೆಲ್ಲ ಮತ್ತೆ ಸೇರಿಸಬೇಕೆಂದು ಈಗಷ್ಟೇ ಪ್ರಸ್ತಾವ ಹಾಕಿದೆ. ಹಾಕಿದ ಸ್ವಲ್ಪ ಹೊತ್ತಿಗೆ ಕತ್ತರಿ ಬೇಡ ಎಂದರು. ನನ್ನದೇ ಹಳೆಯ ಪ್ರಸ್ತಾವದಿಂದ ಸಾಲು ಸಾಲು ಎತ್ತಿ ಅಂಟಿಸಿದ್ದಾರೆ. ರುಚಿ ನೋಡದ ಅಡುಗೆಯ ವಾಕ್ಯವೂ ಇದೆ. ಇವರು ಅದನ್ನು ಓದಿ, "ಎಷ್ಟು ಚೆನ್ನಾಗಿ ಬರೆದಿದ್ವಿ" ಎಂದರು. ನಾನು ನಗಲಿಲ್ಲವೆಂದು ಆಮೇಲೆ ಎದ್ದುಹೋಗಿ ಚಹಾ ಮಾಡಿಕೊಂಡು ಬಂದರು.

ನೀವೇ ಗುಂಪಿಗೆ ಬರೆಯಬೇಕು. ನನ್ನ ಮಾತಿಗೆ ಈಗ ಬೆಲೆಯಿಲ್ಲ. ಮುದ್ರಣಾಲಯ, ಮಕ್ಕಳು, ಎಲ್ಲ ಬರೆಯಿರಿ.

ಗಿರಗಿಟ್ಲೆ


ಮೇ ೨೧

ಮಗಳೇ,

ಕಡತಗಳು ಸಿಕ್ಕಿದವು. ಗುಂಪಿಗೂ ಬರೆದೆ, ನೀನು ಓದಿರುತ್ತೀಯ. ನಾಲ್ಕು ವಾಕ್ಯ ಬರೆಯುವುದು ಇಷ್ಟು ಸುಲಭವೆಂದು ಗೊತ್ತಾಗಿ ಇನ್ನೂ ನಾಚಿಕೆಯಾಯಿತು.

ಏಕೆ ಸುಮ್ಮನಿದ್ದೆ ಎಂದು ಕೇಳಿದೆ. ನಿನ್ನ ವಾದ ನನಗೂ ಅರ್ಧ ಸರಿಯೆನಿಸಿತ್ತು. ಅದು ಸುಳ್ಳಲ್ಲ. ಒಬ್ಬ ಬಳಸುತ್ತಾನೆಂದು ಸಂಬಳವಿಲ್ಲದ ಇಷ್ಟು ಜನ ಯಾಕೆ ದುಡಿಯಬೇಕು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿರಲಿಲ್ಲ. ನಾನೇ ಕೈಹಿಡಿದು ತಂದ ಹುಡುಗಿಯ ಮೊದಲ ಪ್ರಸ್ತಾವಕ್ಕೆ ನಾನೇ ಅಡ್ಡಗಾಲು ಹಾಕಿದರೆ ನೋಡುವವರಿಗೆ ಹೇಗಿರುತ್ತದೆ ಎಂದೂ ಅನಿಸಿತು. ಮದುವೆಯ ಹೊಸತು, ಮಗು ಖುಷಿಯಲ್ಲಿದೆ, ಇರಲಿ ಎಂದೂ ಅನಿಸಿತು.

ಆದರೆ ಅಸಲು ವಿಷಯ ಇವು ಯಾವುವೂ ಅಲ್ಲ. ನೀನು ನನ್ನ ಪತ್ರ ಓದಿದ್ದೀಯ, ಇವತ್ತಲ್ಲ ನಾಳೆ ನೆನಪು ಮಾಡಿಕೊಳ್ಳುತ್ತೀಯ ಎಂದು ಕಾದೆ. ಗಡುವಿನ ಕೊನೆಯ ದಿನದವರೆಗೂ ಕಾದೆ. ನಿನ್ನನ್ನು ಪರೀಕ್ಷೆ ಮಾಡುತ್ತಿದ್ದೆ. ದೊಡ್ಡವರು ಮಕ್ಕಳಿಗೆ ಒಡ್ಡುವ ಪರೀಕ್ಷೆಗಳಲ್ಲಿ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಪರೀಕ್ಷೆ ನಡೆಯುತ್ತಿದೆ ಎಂಬುದೇ ಮಗುವಿಗೆ ತಿಳಿದಿರುವುದಿಲ್ಲ.

ಚಿಕ್ಕಮ್ಮ ಅವತ್ತು ಹವಾಮಾನದ ಕಾಗದ ಬರೆಯುವಾಗಲೇ ಹೇಳಿದ್ದಳು: "ಅವಳಿಗೆ ನೆಟ್ಟಗೆ ಹೇಳ್ರೀ. ಕಣ್ಣಿರೋರಿಗೆ ಸೂಚನೆ ಕೊಟ್ಟರೆ ಕಾಣಲ್ಲ." ನಾನು ಕೇಳಲಿಲ್ಲ. ಮೊಂಡು ಕಿವಿ ನಿನ್ನ ಗಂಡನೊಬ್ಬನದೇ ಅಲ್ಲ.

ಮುದ್ರಣಾಲಯದವರು ಈ ತಿಂಗಳ ಕೊನೆಗೆ ಸಭೆ ಸೇರಿ ತೀರ್ಮಾನಿಸುತ್ತಾರೆ. ನಾನು ಪ್ರಯತ್ನದಲ್ಲಿದ್ದೇನೆ.

ಚಿಕ್ಕಪ್ಪ


ಜೂನ್ ೧೪

ಚಿಕ್ಕಪ್ಪ,

ಮತ್ತೆ ಸೇರಿಸಿದರು. ನಿಮ್ಮ ಪತ್ರ ಬಂದ ಮೇಲೆ ಕತ್ತರಿ ಎರಡು ದಿನ ಅದರಲ್ಲಿ ತಪ್ಪು ಹುಡುಕಿದರು. ಆಮೇಲೆ ಷರತ್ತು ಹಾಕಿ ಒಪ್ಪಿದರು: ನೋಡಿಕೊಳ್ಳುವ ಹೊಣೆ ನನ್ನದು, ಪ್ರತಿಯೊಂದನ್ನೂ ವಿಂಡೋಸಿನಲ್ಲಿ ಓಡಿಸಿ ನೋಡಿದ ಮೇಲೆಯೇ ಹೊರಗೆ ಬಿಡಬೇಕು. ನ್ಯಾಯವಾದ ಷರತ್ತು. ಮೊದಲೇ ಅದನ್ನು ನಾನು ಕೇಳಬೇ­ಕಿತ್ತು. ತೆಗೆದುಹಾಕಿ ಎನ್ನುವ ಬದಲು, ಯಾರು ರುಚಿ ನೋಡುತ್ತೀರಿ ಎಂದು.

ಇವರು ತಾವು ರಿಪೇರಿಗೆ ಹೋಗುವ ಒಂದು ಆಫೀಸಿನಿಂದ ಹಳೆಯ ಕಂಪ್ಯೂಟರ್ ಕೇಳಿ ತಂದರು. ನಾಲ್ಕು ಮಹಡಿ ಹೊತ್ತು ತಂದು, ಈ ಸಲ ತಮಾಷೆ ಮಾಡದೆ, ಊಟದ ಮೇಜಿನ ಮೇಲೆ ಇಟ್ಟರು. ನಾವು ಈಗ ನೆಲದ ಮೇಲೆ ಕೂತು ಊಟ ಮಾಡುತ್ತೇವೆ. ದಿನಾ ರಾತ್ರಿ ಒಂದೊಂದೇ ಲೈಬ್ರರಿ ಕಟ್ಟಿ, ಆ ಯಂತ್ರಕ್ಕೆ ಹಾಕಿ ನೋಡಿದೆ. ಕೊನೆಗೆ ನಿಮ್ಮ ಪ್ರೋಗ್ರಾಮನ್ನೂ ಕಟ್ಟಿದೆ. ಗಣಿತದ ಮೂರು ಅಧ್ಯಾಯಗಳನ್ನು ಕೊಟ್ಟು, ಬಂದ ಚುಕ್ಕೆಗಳನ್ನು ಬ್ರೈಲ್ ಪಟ್ಟಿ ಇಟ್ಟುಕೊಂಡು ಕಣ್ಣಿನಲ್ಲೇ ಓದಿದೆ. ಎಲ್ಲ ಸರಿಯಾಗಿದೆ. ಹೊಸ ಚಿಹ್ನೆಗಳೂ ಸರಿಯಾಗಿ ಬರುತ್ತಿವೆ. ಇದರ ಜೊತೆ ಕಳಿಸಿದ್ದೇನೆ. ಮುದ್ರಣಾಲಯದ ಯಂತ್ರಕ್ಕೆ ಹಾಕಿದರೆ ಸಾಕು, ಓಡುತ್ತದೆ.

ಸಭೆ ಏನಾಯಿತೆಂದು ನೀವು ಬರೆದಿಲ್ಲ. ಮುಂದಕ್ಕೆ ಹಾಕಿದರೆಂದುಕೊಂಡಿದ್ದೇನೆ. ಹಾಗೆಂದುಕೊಳ್ಳುವುದು ನನ್ನ ಅಭ್ಯಾಸವೆಂದು ಬರೆಯುವಾಗಲೇ ಹೊಳೆಯುತ್ತಿದೆ. ಏನಾಯಿತು ಹೇಳಿ. ನಾನು ಅಳುವುದಿಲ್ಲ, ಅತ್ತರೂ ಪರವಾಗಿಲ್ಲ, ಹೇಳಿ.

ಗಿರಗಿಟ್ಲೆ


ಜೂನ್ ೨೩

ಮಗಳೇ,

ನೆಟ್ಟಗೆ ಹೇಳುತ್ತೇನೆ. ಸಭೆ ಮುಂದಕ್ಕೆ ಹೋಗಲಿಲ್ಲ. ಮೇ ತಿಂಗಳಲ್ಲೇ ಆಯಿತು. ನಾನು ಒಯ್ದ ಹಾಳೆಯಲ್ಲಿ ಇನ್ನೂ ತಪ್ಪುಗಳಿದ್ದವು. ಆ ಕಂಪನಿಯ ಹುಡುಗ ಒಯ್ದ ಹಾಳೆ ನೋಡಲು ಅಚ್ಚುಕಟ್ಟಾಗಿತ್ತು. ಚಿಕ್ಕಮ್ಮನ ಕೈಗೆ ಅದನ್ನು ಯಾರೂ ಕೊಡಲಿಲ್ಲ. ಅವರದನ್ನೇ ಕೊಂಡರು. ನೀನು ಒಂದೊಂದೇ ಲೈಬ್ರರಿ ಕಟ್ಟಿ ನೋಡುತ್ತಿದ್ದೆಯಲ್ಲ, ಆಗಲೇ ಅವಳು ತನ್ನ ಮೇಜು ಖಾಲಿ ಮಾಡಿಕೊಂಡು ಬಂದಾಗಿತ್ತು. ನೀನು ಕಷ್ಟಪಡುತ್ತಿರುವಾಗ ಹೇಳಿ ಏನು ಪ್ರಯೋಜನ ಎಂದು ಸುಮ್ಮನಾದೆ. ನೋಡು, ಬುದ್ಧಿ ಬಂದ ಮೇಲೂ ಬರಲಿಲ್ಲ ನನಗೆ.

ನೀನು ಕಟ್ಟಿಕೊಟ್ಟದ್ದನ್ನು ಕಾಲೇಜಿನ ವಿಂಡೋಸ್ ಯಂತ್ರದಲ್ಲಿ ಓಡಿಸಿ ನೋಡಿದೆ. ಚೊಕ್ಕವಾಗಿದೆ. ನನ್ನದಕ್ಕಿಂತ ಚೊಕ್ಕವಾಗಿದೆ.

ಪುಸ್ತಕ ಅಚ್ಚಾಗಿ ಶಾಲೆಗಳಿಗೆ ಹೋಯಿತು. ಮ್ಯಾನೇಜರು ಮರ್ಯಾದೆಗೆ ಒಂದು ಪ್ರತಿ ಮನೆಗೆ ಕಳಿಸಿದರು. ಚಿಕ್ಕಮ್ಮ ಮೊದಲು ಅದನ್ನು ಮುಟ್ಟಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಎತ್ತಿಕೊಂಡು ಓದತೊಡಗಿದಳು, ಅಭ್ಯಾಸಕ್ಕೆ. ಭಿನ್ನರಾಶಿಯ ಪಾಠ ಬಂದಾಗ ನನ್ನನ್ನು ಕೂಗಿದಳು. ಬ್ರೈಲಿನಲ್ಲಿ ಭಿನ್ನರಾಶಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಹೇಳಲು ಬೇರೆ ಬೇರೆ ಗುರುತುಗಳಿವೆ. ಮುಗಿಯುವ ಗುರುತು ಪಾಠದುದ್ದಕ್ಕೂ ಬಿದ್ದುಹೋಗಿದೆ. ಅರ್ಧಕ್ಕೆ ಮೂರು ಕೂಡಿಸು ಎಂದು ಇರಬೇಕಾದಲ್ಲಿ, ಒಂದನ್ನು ಎರಡು ಮತ್ತು ಮೂರರ ಮೊತ್ತದಿಂದ ಭಾಗಿಸು ಎಂದು ಓದಿಸಿಕೊಳ್ಳುತ್ತದೆ. ಮೂರೂವರೆ ಬರಬೇಕಾದ ಕಡೆ ಐದರಲ್ಲಿ ಒಂದು ಭಾಗ.

ಮ್ಯಾನೇಜರಿಗೆ ಫೋನ್ ಮಾಡಿದಳು. "ನೋಡ್ತೀನಿ ಅಮ್ಮಾ" ಎಂದರಂತೆ. ಅವಳು ಫೋನಿಟ್ಟು, "ನನ್ನ ಕುರ್ಚಿ ಹೋಗಲಿ, ಇದು ಹೋಗಬಾರದಿತ್ತು" ಎಂದಳು.

ನಿನಗೆ ಒಂದು ಮಾತು ಹೇಳಿಸಿದ್ದಾಳೆ. "ಕ್ಷಮೆ ಕೇಳೋಕೆ ಅಂತ ನನಗೆ ಫೋನ್ ಮಾಡ್ಬೇಡ. ಅಷ್ಟು ಹೊತ್ತು ಅಳೋ ಬದಲು ಆ ಮ್ಯಾನೇಜರ ಹತ್ರ ಮಾತಾಡು. ಇಂಗ್ಲಿಷಲ್ಲಿ ಮಾತಾಡು, ಅವನು ಹೆದರ್ತಾನೆ."

ಚಿಕ್ಕಪ್ಪ


ಜುಲೈ ೩೦

ಚಿಕ್ಕಪ್ಪ, ಚಿಕ್ಕಮ್ಮ,

ಇದನ್ನು ಇಬ್ಬರಿಗೂ ಬರೆಯುತ್ತಿದ್ದೇನೆ. ಚಿಕ್ಕಪ್ಪ ಇದನ್ನು ಒಂದಕ್ಷರವೂ ಬಿಡದೆ ಗಟ್ಟಿಯಾಗಿ ಓದಿ ಹೇಳಬೇಕು.

ಮ್ಯಾನೇಜರ ಹತ್ತಿರ ಮೊದಲ ಸಲ ಇಂಗ್ಲಿಷಿನಲ್ಲಿ ಮಾತಾಡಿದೆ. ಅವರು ಹೆದರಲಿಲ್ಲ, ಪಾಪ, ಇನ್ನೂ ಮೃದುವಾದರು. ಎರಡನೇ ಸಲ ನಮ್ಮ ಭಾಷೆಯಲ್ಲೇ ಮಾತಾಡಿದೆ. ಕೆಟ್ಟ ಮನುಷ್ಯನಲ್ಲ. ಹಾಳೆಗಳನ್ನು ನಾವೇ ಸರಿಯಾಗಿ ಮಾಡಿಕೊಡುತ್ತೇವೆ, ಪ್ರೋಗ್ರಾಂ ತಯಾರಿದೆ, ಆ ಒಂದು ಪಾಠವನ್ನಾದರೂ ಮತ್ತೆ ಒತ್ತಿ ಶಾಲೆಗಳಿಗೆ ಕಳಿಸಿ ಎಂದು ಬೇಡಿಕೊಂಡೆ. ಬೇರೆಯವರ ಪ್ರೋಗ್ರಾಂ ಬಳಸುವುದಿಲ್ಲವೆಂದು ಆ ಕಂಪನಿಗೆ ಬರೆದುಕೊಟ್ಟಿದ್ದಾರಂತೆ. ಕಂಪನಿಗೆ ಬರೆದೆ. ತಪ್ಪು ಮುಂದಿನ ವರ್ಷದ ಮುದ್ರಣಕ್ಕೆ ಸರಿಹೋಗುತ್ತದೆ ಎಂದು ಉತ್ತರ ಬಂತು. ಮೂರನೇ ಸಲ ಇವರು ರಜೆ ಹಾಕಿ ನನ್ನ ಪಕ್ಕ ಕೂತರು, ನಾನು ಮತ್ತೆ ಫೋನ್ ಮಾಡಿದೆ.

ಒಂದೊಂದು ಲೆಕ್ಕವನ್ನೂ ಬಿಡಿಸಿ ಹೇಳಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಕೇಳಿ ಆದ ಮೇಲೆ, "ಮೇಡಂ, ನೀವು ಹೇಳೋದು ಇರಬಹುದು. ಆದ್ರೆ ಪುಸ್ತಕ ಹೋಗಿ ಇಷ್ಟು ದಿನ ಆಯ್ತಲ್ಲ. ಒಂದು ಶಾಲೆಯಿಂದಾದ್ರೂ ಸರಿಯಿಲ್ಲ ಅಂತ ಬರಬೇಕಿತ್ತು. ಯಾರೂ ಏನೂ ಅಂದಿಲ್ಲ" ಎಂದರು.

ಚಿಕ್ಕಮ್ಮ, ನನಗೆ ಅವರ ಮಾತಿಗೆ ಉತ್ತರ ಗೊತ್ತಿತ್ತು. ಆದರೆ ಮಾರ್ಚಿನಲ್ಲಿ ಅದೇ ಮಾತು ಹೇಳಿದವಳು ನಾನೇ. ಫೋನ್ ಕೆಳಗಿಟ್ಟೆ. ನಾಳೆ ಬೆಳಿಗ್ಗೆ ಒಂದೊಂದು ಶಾಲೆಗೂ ನಾನೇ ಫೋನ್ ಮಾಡಲು ಶುರು ಮಾಡುತ್ತೇನೆ. ಎಷ್ಟು ಕಡೆ ಎತ್ತುತ್ತಾರೋ, ಎತ್ತಿದವರು ನನ್ನನ್ನು ಯಾರೆಂದು ನಂಬುತ್ತಾರೋ ಗೊತ್ತಿಲ್ಲ. ಭಿನ್ನರಾಶಿಯ ಪಾಠ ಈಗಾಗಲೇ ಮುಗಿದಿದೆಯಂತೆ. ಪುಸ್ತಕದಲ್ಲಿದ್ದದ್ದನ್ನು ಮಕ್ಕಳು ಬೆರಳಿನಲ್ಲಿ ಓದಿ, ಅದನ್ನೇ ಸರಿಯೆಂದು ಕಲಿತು, ಮುಂದಿನ ಪಾಠಕ್ಕೆ ಹೋಗಿದ್ದಾರೆ.

ಗಿರಗಿಟ್ಲೆ